ವರಹಕ್ಕೆ ಇವತ್ತೆಷ್ಟು?

1800ರ ಬೇಸಿಗೆಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಶ್ರೀರಂಗಪಟ್ಟಣಕ್ಕೆ ಬಂದ. ಟಿಪ್ಪು ಸುಲ್ತಾನ ಮಡಿದು ಒಂದು ವರ್ಷವಾಗಿತ್ತು. ಈ ಸೀಮೆಯಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಕೂಲಿ ಎಷ್ಟು ಎಂದು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಬುಕಾನನ್ ಊರಿಂದೂರಿಗೆ ಹೋದಂತೆಲ್ಲ ಮತ್ತೆ ಮತ್ತೆ ಬರೆದಿಟ್ಟದ್ದು ಸೇರು, ಕೊಳಗ ಮತ್ತು ನಾಣ್ಯಗಳ ಪಟ್ಟಿಯನ್ನು. ಒಂದೂರಿನ ಪಟ್ಟಿ ಇನ್ನೊಂದೂರಿನದಕ್ಕೆ ಹೊಂದುವುದಿಲ್ಲ. ಸುಲ್ತಾನಿ, ಬಹದ್ದೂರಿ, ಇಕ್ಕೇರಿ, ಕಂಠೀರಾಯಿ, ಈಸ್ಟ್ ಇಂಡಿಯಾ ಕಂಪನಿಯವರ ಸ್ಟಾರ್ ವರಹ, ಜೊತೆಗೆ ರೂಪಾಯಿ. ಸತ್ತ ಅರಸರ ನಾಣ್ಯಗಳು ಬದುಕಿರುವವರ ನಾಣ್ಯಗಳ ಜೊತೆಗೇ ಪೇಟೆಯಲ್ಲಿ ಓಡಾಡುತ್ತಿದ್ದವು. ಯಾವುದಕ್ಕೆ ಎಷ್ಟು ಎಂದು ಹೇಳುವವನು ಅಂಗಡಿ ಬೀದಿಯಲ್ಲಿ ಗದ್ದುಗೆ ಹಾಕಿ ಕೂತ ಚಿನಿವಾರ.

ಇವತ್ತು ಡಾಲರ್ ಎರಡು ಪೈಸೆ ಏರಿತು, ಐದು ಪೈಸೆ ಇಳಿಯಿತು ಎಂಬ ಸುದ್ದಿ ಓದುವವರಿಗೆ ಇದು ಈ ಕಾಲದ ಕಾಯಿಲೆ ಅನ್ನಿಸಬಹುದು. ಕನ್ನಡ ನಾಡಿನ ಪೇಟೆಗಳಿಗೆ ಇದು ಕನಿಷ್ಠ ನಾಲ್ಕು ನೂರು ವರ್ಷದ ಹಳೆಯ ರೂಢಿ. ವ್ಯತ್ಯಾಸ ಇಷ್ಟೇ: ಆಗ ನಾಣ್ಯ ಬದಲಿಸಲು ದೇಶ ದಾಟಬೇಕಿರಲಿಲ್ಲ, ಪಕ್ಕದ ತಾಲ್ಲೂಕಿನ ಸಂತೆಗೆ ಹೋದರೆ ಸಾಕಿತ್ತು.

ವಿಜಯನಗರದ ಕಾಲದಲ್ಲಿ ಈ ತಾಪತ್ರಯ ಕಡಿಮೆ ಇತ್ತು. 1443ರಲ್ಲಿ ಹಂಪೆಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ನಾಣ್ಯಗಳ ಮೆಟ್ಟಿಲುಗಳನ್ನು ಅಚ್ಚುಕಟ್ಟಾಗಿ ವಿವರಿಸಿದ್ದಾನೆ: ಮೇಲೆ ಚಿನ್ನದ ವರಹ, ಅದರರ್ಧ ಪ್ರತಾಪ, ಅದಕ್ಕಿಂತ ಸಣ್ಣದು ಹಣ, ಬೆಳ್ಳಿಯ ತಾರ, ತಾಮ್ರದ ಜೀತಲ್. ಸಾಮ್ರಾಜ್ಯ ದೊಡ್ಡದಿದ್ದು ಅಚ್ಚಿನ ಮೇಲೆ ಹಿಡಿತ ಇದ್ದಾಗ ವಟ್ಟದ, ಅಂದರೆ ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ಕಡಿತದ, ವ್ಯವಹಾರಕ್ಕೆ ಹೆಚ್ಚು ಜಾಗವಿರಲಿಲ್ಲ. 1565ರ ಸೋಲಿನ ನಂತರ ನಾಯಕರು, ಪಾಳೆಯಗಾರರು ಒಬ್ಬೊಬ್ಬರಾಗಿ ಸ್ವತಂತ್ರರಾದರು, ಟಂಕಸಾಲೆಗಳೂ ಹಾಗೆಯೇ. ಇಕ್ಕೇರಿಯಲ್ಲೊಂದು ವರಹ, ಚಿತ್ರದುರ್ಗದಲ್ಲೊಂದು. ಎಲ್ಲದರ ತೂಕವೂ ಹಳೆಯ ಲೆಕ್ಕದ್ದೇ, ಮೂರೂವರೆ ಗ್ರಾಮಿಗೆ ಚೂರು ಕಡಿಮೆ. ಒಳಗಿನ ಚಿನ್ನದ ಪಾಲು ಮಾತ್ರ ಬೇರೆ ಬೇರೆ.

ಮೈಸೂರಿನಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಟಂಕಸಾಲೆ ಹಾಕಿಸಿ ಹೊಡೆಸಿದ ಕಂಠೀರಾಯಿ ಹಣದ ಕಥೆ ಇನ್ನೂ ಸ್ವಾರಸ್ಯದ್ದು. ತೊಗರಿಬೇಳೆಯಷ್ಟು ಅಗಲದ ಚಿನ್ನದ ಬಿಲ್ಲೆ, ಒಂದು ಮೈಗೆ ನರಸಿಂಹ. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆದರೆ ಆ ವರಹವನ್ನು ಯಾರೂ ಕೈಯಲ್ಲಿ ಹಿಡಿದವರಿಲ್ಲ. ಅದು ಇದ್ದದ್ದು ಶಾನುಭೋಗರ ಕಡತದಲ್ಲಿ ಮಾತ್ರ. ಕಂದಾಯ, ಸಂಬಳ, ಸಾಲ ಎಲ್ಲವನ್ನೂ ಈ ಇಲ್ಲದ ನಾಣ್ಯದಲ್ಲಿ ಬರೆದು, ಸಲ್ಲಿಸುವಾಗ ಕೈಗೆ ಸಿಕ್ಕ ನಾಣ್ಯವನ್ನು ಆವತ್ತಿನ ದರಕ್ಕೆ ಮುರಿದು ಕೊಡುತ್ತಿದ್ದರು. ಜಾಣ ಏರ್ಪಾಡು. ಚಲಾವಣೆಯ ನಾಣ್ಯ ಎಷ್ಟೇ ಸವೆದರೂ, ಎಷ್ಟೇ ಕಲಬೆರಕೆಯಾದರೂ ಲೆಕ್ಕದ ವರಹ ಸವೆಯುವುದಿಲ್ಲ.

ಇಷ್ಟು ಚಿಕ್ಕ ಬಿಲ್ಲೆಗಳನ್ನು ಸಾವಿರಗಟ್ಟಲೆ ಎಣಿಸುವುದೇ ಒಂದು ಕೆಲಸ. ತಿರುವಾಂಕೂರಿನಲ್ಲಿ ಚಕ್ರಂ ಎಂಬ ಸಣ್ಣ ನಾಣ್ಯಕ್ಕೆ ಗುಳಿಹಲಗೆ ಬಳಸುತ್ತಿದ್ದರು. ಸಾಲುಸಾಲಾಗಿ ಪುಟ್ಟ ಗುಳಿ ಕೊರೆದ ಮರದ ಹಲಗೆಯ ಮೇಲೆ ನಾಣ್ಯ ಸುರಿದು ಅಲುಗಿಸಿದರೆ ಗುಳಿಗೊಂದರಂತೆ ಕೂರುತ್ತವೆ, ಹೆಚ್ಚಿನವು ಜಾರಿ ಬೀಳುತ್ತವೆ. ಎಣಿಸುವವನ ಬೆರಳಿಗೆ ಕೆಲಸವೇ ಇಲ್ಲ.

ಎಣಿಕೆಗಿಂತ ಕಷ್ಟದ್ದು ಪರೀಕ್ಷೆ. ಒರೆಗಲ್ಲಿನ ಮೇಲೆ ನಾಣ್ಯವನ್ನು ಒಮ್ಮೆ ಉಜ್ಜಿ, ಗೆರೆಯ ಬಣ್ಣವನ್ನು ಬೇರೆ ಬೇರೆ ಮಟ್ಟದ ಚಿನ್ನದ ಕಡ್ಡಿಗಳ ಗೆರೆಯ ಜೊತೆ ಹೋಲಿಸಿ ಚಿನಿವಾರ ದರ ಹೇಳುತ್ತಿದ್ದ. ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಈ ಜನರನ್ನು ಕಂಡು ದಂಗಾಗಿದ್ದ. ಸರಾಫನಿಲ್ಲದ ಹಳ್ಳಿ ತೀರಾ ಸಣ್ಣದಿರಬೇಕು ಎಂಬರ್ಥದ ಮಾತು ಅವನ ಪ್ರವಾಸಕಥನದಲ್ಲಿದೆ. ಅವನ ಕಣ್ಣಿಗೆ ಬಿದ್ದ ಇನ್ನೊಂದು ವಿವರ ಇಡೀ ಕಸುಬಿನ ಸ್ವಭಾವವನ್ನೇ ಹೇಳುತ್ತದೆ. ಗೆರೆ ನೋಡಿದ ಮೇಲೆ ಅರಗು ಮೇಣ ಕಲೆಸಿದ ಉಂಡೆಯಿಂದ ಕಲ್ಲನ್ನು ಒರೆಸುತ್ತಿದ್ದರು. ಕಲ್ಲಿಗೆ ಹತ್ತಿದ ಚಿನ್ನದ ಧೂಳು ಉಂಡೆಗೆ ಅಂಟುತ್ತದೆ. ಕೆಲವು ವರ್ಷ ಹೀಗೆ ಒರೆಸಿದ ಉಂಡೆಯನ್ನು ಸುಟ್ಟರೆ ತಳದಲ್ಲಿ ಚಿನ್ನ. ಗಿರಾಕಿಯ ನಾಣ್ಯ ಗಿರಾಕಿಗೆ ಹೋಯಿತು, ಅದರ ಕಣ ಮಾತ್ರ ಇಲ್ಲೇ ಉಳಿಯಿತು.

ದರ ದಿನದಿನಕ್ಕೆ ಏಕೆ ಬದಲಾಗುತ್ತಿತ್ತು? ಚಿನ್ನದ ಮಟ್ಟವಾದರೆ ಒಮ್ಮೆ ತಿಳಿದರೆ ಮುಗಿಯಿತು. ಏರಿಳಿತ ಹುಟ್ಟಿದ್ದು ಬೇರೆ ಕಡೆಯಿಂದ. ಕಂದಾಯದ ಕಿಸ್ತು ಹತ್ತಿರ ಬಂದಾಗ ಅಮಲ್ದಾರರು ಕೇಳುವ ನಾಣ್ಯಕ್ಕೆ ಊರಿಗೂರೇ ಮುಗಿಬೀಳುತ್ತದೆ. ರೈತನ ಬಳಿ ಇರುವುದು ಇನ್ನೊಂದು. ಆ ವಾರ ವಟ್ಟ ಹೆಚ್ಚು. ಮಳೆಗಾಲ ಕಳೆದು ಕರಾವಳಿಯ ಬಂದರುಗಳಿಗೆ ಹಡಗು ಬಂದರೆ ಮೆಣಸು ಕೊಳ್ಳುವವರ ಬೆಳ್ಳಿ ಇಳಿಯುತ್ತದೆ, ಘಟ್ಟದ ಮೇಲಿನವರಿಗೆ ವರಹ ಬೇಕಾಗುತ್ತದೆ. ದಂಡು ಹೊರಟಿತು ಎಂಬ ಸುದ್ದಿಯಾದರೆ ಸಾಕು, ಚಿನ್ನ ನೆಲದಡಿಗೆ ಹೋಗುತ್ತದೆ. ಬೇಡಿಕೆ, ಪೂರೈಕೆ, ಭಯ: ಈಗಿನ ಫಾರೆಕ್ಸ್ ಡೀಲರ್ ಹೇಳುವ ಕಾರಣಗಳಲ್ಲಿ ಯಾವುದೂ ಹೊಸದಲ್ಲ.

ಇವುಗಳ ಜೊತೆಗೆ ಇನ್ನೊಂದು: ಅಚ್ಚಿನ ಮೇಲಿನ ನಂಬಿಕೆ. ಇದನ್ನು ಹೈದರ್ ಅಲಿಯಷ್ಟು ಚೆನ್ನಾಗಿ ಅರಿತವರು ಕಡಿಮೆ. 1763ರಲ್ಲಿ ಬಿದನೂರನ್ನು ಗೆದ್ದಾಗ ಅವನ ಕೈಗೆ ಸಿಕ್ಕ ಇಕ್ಕೇರಿ ವರಹದ ಮೇಲೆ ಶಿವಪಾರ್ವತಿಯರಿದ್ದರು. ಗೆದ್ದವನು ತನ್ನ ಹೆಸರನ್ನು ದೊಡ್ಡದಾಗಿ ಕೊರೆಸುವುದು ವಾಡಿಕೆ. ಹೈದರ್ ಆ ಗೋಜಿಗೆ ಹೋಗಲಿಲ್ಲ. ಮುಂಬದಿಯಲ್ಲಿ ಶಿವಪಾರ್ವತಿಯರು ಹಾಗೆಯೇ ಕೂತರು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವೊಂದನ್ನು ಹಾಕಿಸಿದ. ಅದೇ ಬಹದ್ದೂರಿ ವರಹ. ಉದಾರಬುದ್ಧಿ ಎಂದು ಕೆಲವರು ಹೊಗಳುತ್ತಾರೆ; ಇರಬಹುದು. ಆದರೆ ಅದರಲ್ಲಿ ವ್ಯಾಪಾರಿಯ ಲೆಕ್ಕವೂ ಕಾಣುತ್ತದೆ. ಮಂಗಳೂರಿನಿಂದ ಬಯಲುಸೀಮೆಯವರೆಗೆ ಜನ ಗುರುತು ಹಿಡಿಯುವ ಚಿತ್ರವನ್ನು ಅಳಿಸಿದರೆ ಮರುದಿನವೇ ಚಿನಿವಾರ ವಟ್ಟ ಮುರಿದುಕೊಳ್ಳುತ್ತಾನೆ.

ಟಿಪ್ಪು ಚಿತ್ರವನ್ನು ತೆಗೆದ, ತೂಕವನ್ನು ಕೆಡಿಸಲಿಲ್ಲ. ಅವನ ಫಾರೂಕಿ ಹಳೆಯ ವರಹದ ತೂಕದ್ದೇ. ಬೆಳ್ಳಿಯಲ್ಲಿ ಹೈದರಿ, ಇಮಾಮಿ. ತಾಮ್ರದಲ್ಲಿ ಆನೆಯ ಚಿತ್ರದ ಕಾಸುಗಳು. ಹತ್ತಕ್ಕೂ ಹೆಚ್ಚು ಟಂಕಸಾಲೆಗಳಲ್ಲಿ ಹೊಡೆಸಿದ ಈ ನಾಣ್ಯಗಳು ಅಂದಕ್ಕೆ ಇಂದಿಗೂ ಸಂಗ್ರಾಹಕರ ಮೆಚ್ಚಿನವು. ಪೇಟೆಗೆ ಮಾತ್ರ ಇನ್ನಷ್ಟು ಹೆಸರು, ಇನ್ನಷ್ಟು ದರ.

ಟಿಪ್ಪು ಮಡಿದ ಮೇಲೆ ಕಂಪನಿಯೊಂದಿಗೆ ಆದ 1799ರ ಒಪ್ಪಂದ ಈ ಗೊಂದಲವನ್ನು ರಾಜ್ಯದ ಮಟ್ಟಕ್ಕೇರಿಸಿತು. ಮೈಸೂರು ಅರಸರಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯನ್ನು ಬರೆದದ್ದು ಕಂಠೀರಾಯಿ ವರಹದಲ್ಲಿ: 13,74,076. ಕಂಪನಿಗೆ ವರ್ಷವರ್ಷ ಕೊಡಬೇಕಾದ ಪೊಗದಿಯನ್ನು ಬರೆದದ್ದು ಮದರಾಸಿನ ಸ್ಟಾರ್ ವರಹದಲ್ಲಿ: 7 ಲಕ್ಷ, ಹನ್ನೆರಡು ಮಾಸಿಕ ಕಂತು. ಕಂಠೀರಾಯಿ ವರಹಕ್ಕೆ ಸುಮಾರು 2 ರೂಪಾಯಿ 14 ಆಣೆ, ಸ್ಟಾರ್ ವರಹಕ್ಕೆ ಮೂರೂವರೆ ರೂಪಾಯಿ. ಅಂಕಿ ನೋಡಿದರೆ ಅರ್ಧ ಎನ್ನಿಸುವ ಪೊಗದಿ, ರೂಪಾಯಿಗೆ ತಿರುಗಿಸಿದರೆ ಹುಟ್ಟುವಳಿಯಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕಿದ ಪಾಲು. ದಿವಾನ್ ಪೂರ್ಣಯ್ಯನವರಂಥ ಲೆಕ್ಕಿಗರಿಗೆ ಇದು ತಿಳಿಯದ್ದೇನಲ್ಲ. ಸಹಿ ಹಾಕುವಾಗ ದರ ಕೇಳುವ ಸ್ಥಿತಿಯಲ್ಲಿ ಮೈಸೂರು ಇರಲಿಲ್ಲ.

ಕಂಪನಿಗೆ ಕೊನೆಗೂ ಈ ನಾಣ್ಯಸಂತೆ ಸಾಕೆನ್ನಿಸಿತು. 1818ರಲ್ಲಿ ಮದರಾಸು ಸರ್ಕಾರ 100 ವರಹಕ್ಕೆ 350 ರೂಪಾಯಿ ಎಂದು ಕಟ್ಟುಮಾಡಿ ಬೆಳ್ಳಿಯ ರೂಪಾಯಿಯನ್ನು ಮುಂದಕ್ಕೆ ತಂದಿತು. 1835ರಲ್ಲಿ ಕಂಪನಿ ಆಳ್ವಿಕೆಯ ಸೀಮೆಗೆಲ್ಲ ಒಂದೇ ರೂಪಾಯಿ: ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಅಚ್ಚಾಗುತ್ತಿದ್ದ ಮೈಸೂರಿನ ತಾಮ್ರದ ನಾಣ್ಯಗಳೂ 1843ರ ಹೊತ್ತಿಗೆ ನಿಂತವು. ಚಿನಿವಾರರು ಒಡವೆ, ಗಿರವಿ, ಲೇವಾದೇವಿಯತ್ತ ಸರಿದರು. ಅವರ ಹೆಸರು ಮಾತ್ರ ಕನ್ನಡ ಪತ್ರಿಕೆಗಳಲ್ಲಿ ಚಿನ್ನಬೆಳ್ಳಿ ಧಾರಣೆಯ ತಲೆಬರಹವಾಗಿ ಉಳಿದುಕೊಂಡಿತು.

ಊರೊಳಗಿನ ಏರಿಳಿತ ನಿಂತಿತು. ಹೊರಗಿನದು ಇನ್ನೂ ಕಾದಿತ್ತು.

ರೂಪಾಯಿ ಬೆಳ್ಳಿಯದು, ಬ್ರಿಟನ್ನಿನ ಪೌಂಡ್ ಚಿನ್ನದ್ದು. ಚಿನ್ನ ಬೆಳ್ಳಿಗಳ ನಡುವಿನ ದರ ಗಟ್ಟಿಯಾಗಿದ್ದಷ್ಟು ದಿನ ರೂಪಾಯಿಗೆ ಸುಮಾರು 2 ಶಿಲಿಂಗ್, ಪೌಂಡಿಗೆ ಹತ್ತು ರೂಪಾಯಿ ಎಂಬ ಬಾಯಿಲೆಕ್ಕ ನಡೆದುಕೊಂಡು ಬಂತು. 1870ರ ದಶಕದಲ್ಲಿ ಅದು ಕುಸಿಯಿತು. ಜರ್ಮನಿ ಚಿನ್ನದ ನಾಣ್ಯಕ್ಕೆ ಬದಲಾಗಿ ತನ್ನ ಬೆಳ್ಳಿಯನ್ನು ಪೇಟೆಗೆ ಸುರಿಯಿತು, ಅಮೆರಿಕದ ನೆವಾಡದ ಗಣಿಗಳಿಂದ ಇನ್ನಷ್ಟು ಬಂತು. ಯುರೋಪಿನ ಇತರ ದೇಶಗಳೂ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಹಾಕಿದವು. ಯಾರು ಎಷ್ಟು ಬೆಳ್ಳಿ ತಂದುಕೊಟ್ಟರೂ ನಾಣ್ಯ ಹೊಡೆದುಕೊಡುತ್ತಿದ್ದ ದೊಡ್ಡ ದೇಶಗಳಲ್ಲಿ ಭಾರತವೂ ಒಂದಾಗಿ ಉಳಿಯಿತು. 1871–72ರಲ್ಲಿ 23 ಪೆನ್ಸ್ ಇದ್ದ ರೂಪಾಯಿ 1894–95ರ ಹೊತ್ತಿಗೆ ಸರಾಸರಿ 13 ಪೆನ್ಸಿಗೆ ಬಂದಿತ್ತು.

ದರ ಕಟ್ಟುವ ಜಾಗವೂ ಬದಲಾಗಿತ್ತು. ಭಾರತ ಸರ್ಕಾರ ಲಂಡನ್ನಿನಲ್ಲಿ ಕೊಡಬೇಕಿದ್ದ ಸಾಲದ ಬಡ್ಡಿ, ಪಿಂಚಣಿ, ರೈಲ್ವೆ ವೆಚ್ಚಗಳಿಗೆ ‘ಹೋಮ್ ಚಾರ್ಜಸ್’ ಎಂದು ಹೆಸರು. ಆ ಪೌಂಡುಗಳನ್ನು ಹೊಂದಿಸಲು ಪ್ರತಿ ಬುಧವಾರ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಬಿಲ್‌ಗಳ ಹರಾಜು ನಡೆಯುತ್ತಿತ್ತು. ಭಾರತದ ಹತ್ತಿ, ಸೆಣಬು, ಕಾಫಿ ಕೊಳ್ಳುವವರು ಅಲ್ಲಿ ಪೌಂಡು ಕೊಟ್ಟು ಬಿಲ್ ಪಡೆದರೆ ಕಲ್ಕತ್ತ, ಬೊಂಬಾಯಿ, ಮದರಾಸಿನ ಖಜಾನೆಯಲ್ಲಿ ರೂಪಾಯಿ ಸಿಗುತ್ತಿತ್ತು. ಒಂದು ಪೆನ್ನಿಯ ಮೂವತ್ತೆರಡರಲ್ಲಿ ಒಂದು ಪಾಲಿಗೂ ಚೌಕಾಸಿ. 1870ರಲ್ಲಿ ಸಮುದ್ರದಡಿಯ ತಂತಿ ಬಂದ ಮೇಲೆ ಹರಾಜಿನ ದರ ಬೊಂಬಾಯಿಯ ಬ್ಯಾಂಕುಗಳಿಗೆ ತಡವಿಲ್ಲದೆ ತಲುಪತೊಡಗಿತು. ನಾಣ್ಯ ಒಂದೂ ಅಲುಗದೆ ದರ ಏರಿಳಿಯುವ ಕಾಲ ಶುರುವಾಯಿತು.

ಈ ಕುಸಿತ ಎಲ್ಲರಿಗೂ ಒಂದೇ ಬಗೆಯದ್ದಾಗಿರಲಿಲ್ಲ. ಕೊಡಗು, ಮಂಜರಾಬಾದಿನ ಕಾಫಿ ಪ್ಲಾಂಟರು ಲಂಡನ್ನಿನಲ್ಲಿ ಸರಕು ಮಾರಿ ಇಲ್ಲಿ ರೂಪಾಯಿಯಲ್ಲಿ ಕೂಲಿ ಕೊಡುವವರು. ಉದಾಹರಣೆಗೆ ಅಲ್ಲಿ 4 ಪೌಂಡಿಗೆ ಹೋದ ಕಾಫಿಗೆ 2 ಶಿಲಿಂಗ್ ದರದಲ್ಲಿ 40 ರೂಪಾಯಿ ಬಂದರೆ, 15 ಪೆನ್ಸ್ ದರದಲ್ಲಿ 64 ರೂಪಾಯಿ. ಕೂಲಿ ಆ ಲೆಕ್ಕದಲ್ಲಿ ಏರುವುದಿಲ್ಲ. ಕೋಲಾರದ ಚಿನ್ನದ ಗಣಿಗಳಿಗೂ ಇದೇ ಅನುಕೂಲ. ಎದುರುಗಡೆ, ರೂಪಾಯಿ ಸಂಬಳದಲ್ಲಿ ಇಂಗ್ಲೆಂಡಿನ ಸಂಸಾರ ಸಾಕುತ್ತಿದ್ದ ಬಿಳಿಯ ಅಧಿಕಾರಿಗಳು ಗೋಳಾಡಿ 1893ರಲ್ಲಿ ಪರಿಹಾರ ಭತ್ಯೆ ಗಿಟ್ಟಿಸಿಕೊಂಡರು. ಸುದ್ದಿ ಎಷ್ಟು ಮನೆಮಾತಾಗಿತ್ತೆಂದರೆ 1895ರ ನಾಟಕವೊಂದರಲ್ಲಿ ಆಸ್ಕರ್ ವೈಲ್ಡ್ ರೂಪಾಯಿಯ ಪತನವನ್ನೇ ತಮಾಷೆಗೆ ಬಳಸಿದ.

ಖಜಾನೆಗೆ ಮಾತ್ರ ಇದು ತಮಾಷೆಯಲ್ಲ. 1892–93ರಲ್ಲಿ ಸುಮಾರು 1.65 ಕೋಟಿ ಪೌಂಡ್ ಕಳಿಸಲು 26 ಕೋಟಿ ರೂಪಾಯಿಗೂ ಮಿಕ್ಕಿ ಬೇಕಾಯಿತು; ಇಪ್ಪತ್ತು ವರ್ಷದ ಹಿಂದಿನ ದರದಲ್ಲಾಗಿದ್ದರೆ 18 ಕೋಟಿಯೊಳಗೆ ಮುಗಿಯುತ್ತಿತ್ತು. ಹೆಚ್ಚಿನ ಎಂಟೂಮುಕ್ಕಾಲು ಕೋಟಿ ಬರಬೇಕಾದ್ದು ಭಾರತದ ತೆರಿಗೆಯಿಂದಲೇ. ಹರ್ಷೆಲ್ ಸಮಿತಿಯ ಸಲಹೆಯಂತೆ 1893ರ ಜೂನ್ 26ರಂದು ಟಂಕಸಾಲೆಗಳ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಲಾಯಿತು. ರೂಪಾಯಿ ಮೊದಲಿಗೆ ಇನ್ನೂ ಇಳಿಯಿತು, ಆಮೇಲೆ ನಾಣ್ಯದ ಕೊರತೆಯಿಂದಾಗಿ ಮೆಲ್ಲಗೆ ಮೇಲೇರಿತು. ಫೌಲರ್ ಸಮಿತಿಯ ಸಲಹೆಯಂತೆ 1899ರಲ್ಲಿ ಅದನ್ನು 16 ಪೆನ್ಸಿಗೆ ಕಟ್ಟಲಾಯಿತು: ಪೌಂಡಿಗೆ 15 ರೂಪಾಯಿ. ವಿನಿಮಯ ದರದ ತಲೆನೋವು ಲಂಡನ್ನಿನ ಕಣ್ಣಿಗೆ ತೀರಿತು.

ಹಳ್ಳಿಯ ಬೆಳ್ಳಿಗೆ ಏನಾಯಿತೆಂಬುದು ಈ ಸಮಿತಿಗಳ ತೀರ್ಮಾನದಲ್ಲಿ ಹಿಂದಕ್ಕೆ ಬಿತ್ತು. ಬಾಗಿಲು ತೆರೆದಿದ್ದಾಗ ಬೆಳ್ಳಿ ರೂಪಾಯಿಯಾಗಬಹುದಿತ್ತು. ಹಾಗಾಗಿ ಒಂದು ತೊಲ ಬೆಳ್ಳಿಗೆ ಹೆಚ್ಚುಕಡಿಮೆ ಒಂದು ರೂಪಾಯಿ. ರೈತರ ಮನೆಯ ಕಡಗ, ಕಾಲುಬಳೆ, ಡಾಬುಗಳೇ ಬರಗಾಲದ ಬ್ಯಾಂಕು. ಬಾಗಿಲು ಮುಚ್ಚಿದ ಮೇಲೆ ನಾಣ್ಯದ ಬೆಲೆ ಮೇಲೆ ನಿಂತಿತು, ಬೆಳ್ಳಿಯ ಬೆಲೆ ಕೆಳಗೆ ಜಾರಿತು. ಅದೇ ಹೊತ್ತಿಗೆ, 1896–97ರಲ್ಲಿ, ಬಿಜಾಪುರದ ಸೀಮೆಯನ್ನೂ ಒಳಗೊಂಡ ದೊಡ್ಡ ಬರ, 1899ರಲ್ಲಿ ಮತ್ತೊಂದು. ಆ ಎರಡನೆಯ ಬರದಲ್ಲಿ ಬೆಳ್ಳಿ ಕಡಗ ಹಿಡಿದು ಸರಾಫನ ಮುಂದೆ ನಿಂತವನಿಗೆ ತೊಲಕ್ಕೆ ಸಿಗುವ ಬೆಲೆ ಹತ್ತು ಆಣೆಯ ಆಸುಪಾಸು. ಕಂದಾಯ ಮಾತ್ರ ರೂಪಾಯಿಯಲ್ಲೇ ಕಟ್ಟಬೇಕಿತ್ತು, ಒಂದೊಂದಕ್ಕೂ ಹದಿನಾರು ಆಣೆ.