ಸೋತೆ ಎಂದುಕೊಂಡು ಹೋದ ದೊಡ್ಡಸ್ವಾಮಿ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ರಿಲೀಸು, ಬಗ್ಗು, ರಾತ್ರಿಯ ಕಾಲ್‌ಗಳು... ಮಾಮೂಲಿ ನೆಪಗಳು, ನಿಮಗೂ ಗೊತ್ತಿರುವವೇ :-) ಕಳೆದ ವಾರ ಊರಿಗೆ ಹೋಗಿದ್ದೆ. ನಮ್ಮ ಯಲಿಯೂರು ಮಂಡ್ಯದಿಂದ ಮೈಸೂರಿನ ಕಡೆ ಹೊರಟರೆ ಸಿಗುವ ಮೊದಲ ರೈಲ್ವೆ ಸ್ಟೇಷನ್ನು. ಎಕ್ಸ್‌ಪ್ರೆಸ್ಸುಗಳು ನಮ್ಮನ್ನು ಕಂಡೂ ಕಾಣದ ಹಾಗೆ ಹೋಗಿಬಿಡುತ್ತವೆ. ಪ್ಯಾಸೆಂಜರ್ ಹತ್ತಿ ಕೂತರೆ ಬ್ಯಾಡರಹಳ್ಳಿ, ಪಾಂಡವಪುರ, ಆಮೇಲೆ ಶ್ರೀರಂಗಪಟ್ಟಣ. ಈ ಸಲ ಯಾಕೋ ಒಬ್ಬನೇ ಪಟ್ಟಣಕ್ಕೆ ಹೋಗಿ, ಗಂಜಾಮಿನ ಹಳೇ ಚರ್ಚಿನ ಮುಂದೆ ಸ್ವಲ್ಪ ಹೊತ್ತು ಕೂತು ಬಂದೆ. ಹೋಗಲು ಒಂದು ಕಾರಣವಿತ್ತು. ಅದನ್ನು ಹೇಳಿಯೇ ಇತಿಹಾಸಕ್ಕೆ ಬರುತ್ತೇನೆ.

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಮಂಗಳೂರು ಕಡೆಯ ಕೆಥೊಲಿಕ್ ಹುಡುಗ. ರಾತ್ರಿ ಊಟ ಮುಗಿಸಿ ಬಂದವನು ಗೋಡೆ ಕಡೆ ಮುಖ ಮಾಡಿ ಕೂತು ಜಪಸರ ಹೇಳುತ್ತಿದ್ದ. ಪರೀಕ್ಷೆ ಇರಲಿ, ಜ್ವರ ಇರಲಿ, ಒಂದು ದಿನವೂ ತಪ್ಪಿಸಿದವನಲ್ಲ. ಮೂರನೇ ಸೆಮಿಸ್ಟರಿನಲ್ಲಿ ನಮ್ಮಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು. ಆವತ್ತು ಅವನು, "ನಿನ್ನ ಅಪ್ಪನಿಗೋಸ್ಕರ ಇವತ್ತು ಪ್ರಾರ್ಥನೆ ಮಾಡ್ಲಾ ಮಾರಾಯ?" ಅಂದ. ನನಗೆ ಎಲ್ಲಿತ್ತೋ ಸಿಟ್ಟು, "ನನ್ನನ್ನೂ ನಿಮ್ಮ ಕಡೆ ಸೇರಿಸ್ಕೊಳ್ಳೋ ಪ್ಲ್ಯಾನಾ?" ಅಂದುಬಿಟ್ಟೆ. ಅವನು ಏನೂ ಮಾತಾಡಲಿಲ್ಲ. ಗೋಡೆ ಕಡೆ ತಿರುಗಿ ಕೂತ.

ಮುಂದೆ ಅವನೇ ನಮ್ಮ ಊರಿಗೆ ಬಂದ, ನಮ್ಮ ಮನೆಯ ಮುದ್ದೆ ಬಸ್ಸಾರು ಉಂಡ. ಸಂಜೆ ಅವನು ಜಗುಲಿಯಲ್ಲಿ ಜಪಸರ ಹಿಡಿದಾಗ ನಾನು ತಮಾಷೆ ಮಾಡಲು ಹೋದೆ. ದೀಪ ಹಚ್ಚುತ್ತಿದ್ದ ಅಜ್ಜಿ, "ಸುಮ್ಕಿರ್ಲಾ, ಅವ್ನು ಅವ್ನ ದೇವ್ರ ನೆನಿತಾವ್ನೆ" ಅಂತ ಗದರಿದರು. ಮರುದಿನ ಟಿಪ್ಪುವಿನ ಬೇಸಿಗೆ ಅರಮನೆ ತೋರಿಸಲು ಕರೆದುಕೊಂಡು ಹೋದರೆ ಅವನು ಗಂಜಾಮಿನ ಚರ್ಚಿನ ಮುಂದೆಯೇ ನಿಂತುಬಿಟ್ಟ. "ನಮ್ಮ ಹಿರಿಯರನ್ನು ಇಲ್ಲಿಗೇ ತಂದಿಟ್ಟದ್ದಂತೆ" ಅಂದ. ಅಷ್ಟು ಹತ್ತಿರದ ಊರಿನವನಾದ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ! ಆಮೇಲೆ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ರೈಸ್ತ ಧರ್ಮ ನಮ್ಮ ಕಡೆಗೆ ಬ್ರಿಟಿಷರ ಜೊತೆ ಬಂತು ಅಂತ ನಾನು ಅಂದುಕೊಂಡಿದ್ದೆ. ನಿಜ ಬೇರೆಯೇ ಇದೆ. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಶುರು ಮಾಡಿದ್ದು 1649ರ ಹೊತ್ತಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಿಡಿದಿದ್ದ ದಾರಿಯನ್ನೇ ಇವರೂ ಹಿಡಿದರು. ಸನ್ಯಾಸಿಯ ಉಡುಪು, ಮಾಂಸವಿಲ್ಲದ ಊಟ, ಜನರ ಭಾಷೆ. ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದ. ಬೇರೆಯವರಿಗೆ ಏನನ್ನಾದರೂ ಹೇಳಬೇಕಾದರೆ ಮೊದಲು ಅವರ ಮಾತು ಕಲಿಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದರು. ಮೈಸೂರಿನ ಕೆಲಸ ಪ್ಯಾರಿಸ್ಸಿನ ವಿದೇಶಿ ಮಿಶನ್ ಸಂಘದ ಪಾಲಿಗೆ ಬಂತು.

ಅಷ್ಟರಲ್ಲಿ 1784 ಬಂತು. ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿಯುತ್ತಾ ಬಂದಿತ್ತು. ಕರಾವಳಿಯ ಕೆಥೊಲಿಕರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಆರೋಪದ ಮೇಲೆ ಟಿಪ್ಪು ಅವರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರುವಂತೆ ಆಜ್ಞೆ ಮಾಡಿದ. ಫೆಬ್ರವರಿ ತಿಂಗಳು, ಬೂದಿ ಬುಧವಾರದ ಹೊತ್ತು. ಹತ್ತಾರು ಸಾವಿರ ಜನ. ದಾರಿಯಲ್ಲೇ ಎಷ್ಟೋ ಮಂದಿ ಸತ್ತರು. ಅನೇಕರನ್ನು ಬಲವಂತವಾಗಿ ಮತಾಂತರಿಸಿ, ಗಂಡಸರನ್ನು ಸೈನ್ಯಕ್ಕೆ ಸೇರಿಸಲಾಯಿತು. ಅವರ ಪಾದ್ರಿಗಳನ್ನು ಮೊದಲೇ ಗಡೀಪಾರು ಮಾಡಿದ್ದರು. (ಇದೇ ಟಿಪ್ಪು ಶೃಂಗೇರಿ ಮಠದ ಮೇಲೆ ಮರಾಠರ ದಂಡು ದಾಳಿ ಮಾಡಿದಾಗ ಸಹಾಯ ಕಳಿಸಿದವನು. ಒಬ್ಬ ಮನುಷ್ಯನನ್ನು ಒಂದೇ ಸಾಲಿನಲ್ಲಿ ಮುಗಿಸಲು ಇತಿಹಾಸ ಬಿಡುವುದಿಲ್ಲ. ಟಿಪ್ಪು ಜಗಳವನ್ನು ದಯವಿಟ್ಟು ಕಾಮೆಂಟಿನಲ್ಲಿ ಶುರು ಮಾಡಬೇಡಿ, ಈ ಬರಹ ಅದರ ಬಗ್ಗೆ ಅಲ್ಲ.)

ಸೆರೆ 1799ರ ಮೇ 4ರವರೆಗೆ, ಅಂದರೆ ಪಟ್ಟಣ ಬೀಳುವವರೆಗೆ ನಡೆಯಿತು. ಹದಿನೈದು ವರ್ಷ! ಆವತ್ತು ಹತ್ತು ವರ್ಷದ ಹುಡುಗಿಯಾಗಿ ಬಂದವಳು ಮಕ್ಕಳ ತಾಯಿಯಾಗಿರಬಹುದಾದಷ್ಟು ಕಾಲ. ಪೂಜೆ ಮಾಡಲು, ಪಾಪನಿವೇದನೆ ಕೇಳಲು ಅವರ ಊರಿನ ಪಾದ್ರಿಗಳಿಲ್ಲ. ಬಹಿರಂಗವಾಗಿ ಹಬ್ಬ ಮಾಡುವಂತಿಲ್ಲ. ಆದರೂ ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ವಾಪಸ್ಸು ಹೋದಾಗ ಕ್ರೈಸ್ತರಾಗಿಯೇ ಹೋದರು. ಅದು ಹೇಗೆ ಸಾಧ್ಯವಾಯಿತು? ನನಗೆ ಒಂದೇ ಉತ್ತರ ಹೊಳೆಯುತ್ತದೆ. ಧರ್ಮ ಆ ಹದಿನೈದು ವರ್ಷ ಕಟ್ಟಡದಲ್ಲಿ ಇರಲಿಲ್ಲ, ಬಾಯಲ್ಲಿತ್ತು. ಕತ್ತಲಾದ ಮೇಲೆ ಅಮ್ಮ ಮಗುವಿನ ಕಿವಿಯಲ್ಲಿ ಪಿಸುಗುಟ್ಟಿದ ನಾಲ್ಕು ಸಾಲಿನ ಸ್ತುತಿ, ಮರುದಿನ ಮತ್ತೆ ಅದೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ವರ್ ಹೋದರೂ ಪ್ರತಿ ಮನೆಯಲ್ಲೂ ಒಂದೊಂದು ಬ್ಯಾಕಪ್ ಇತ್ತು. ನನ್ನ ಗೆಳೆಯ ಗೋಡೆ ಕಡೆ ತಿರುಗಿ ಕೂತು ಹೇಳುತ್ತಿದ್ದುದು ಅದನ್ನೇ. ನಾನು ಅದನ್ನು ಬರೀ ಅಭ್ಯಾಸಬಲ ಅಂದುಕೊಂಡಿದ್ದೆ.

ಈಗ ಗಂಜಾಮಿನ ಚರ್ಚಿಗೆ ಬರೋಣ. ಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಮಾಡಲು ಬಂದವನು ಅಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ. ಹುಟ್ಟಿದ್ದು 1765ರಲ್ಲಿ. ಫ್ರಾನ್ಸಿನ ಕ್ರಾಂತಿ ಪಾದ್ರಿಗಳ ತಲೆ ಕೇಳುತ್ತಿದ್ದ ಕಾಲ, 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದ. ಗಂಜಾಮಿನ ಚರ್ಚು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧ. ಇಲ್ಲಿನವರ ಉಡುಪು ಉಟ್ಟು, ಇಲ್ಲಿನವರ ಹಾಗೆ ಉಂಡು ಮೈಸೂರು ಸೀಮೆಯಲ್ಲಿ ಓಡಾಡಿದ ಅವನನ್ನು ಜನ 'ದೊಡ್ಡಸ್ವಾಮಿಯವರು' ಅಂತ ಕರೆದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರ ದೊಡ್ಡ ಭಾಗ ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದು ಎಂದು ಸಿಲ್ವಿಯಾ ಮ್ಯುರ್ 1987ರಲ್ಲಿ ತೋರಿಸಿಕೊಟ್ಟರು. ಕಾಪಿ ಪೇಸ್ಟ್ ನಮ್ಮ ಕಾಲದ ಆವಿಷ್ಕಾರವೇನಲ್ಲ :-)

ಆದರೆ ನನ್ನ ಕುತೂಹಲ ಇರುವುದು ಅವನ ಇನ್ನೊಂದು ಪುಸ್ತಕದ ಬಗ್ಗೆ. ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದ ದ್ಯುಬುವಾ ಅದೇ ವರ್ಷ ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ತನ್ನ ಪತ್ರಗಳನ್ನು ಪ್ರಕಟಿಸಿದ. ಅದರ ಸಾರಾಂಶ ಇಷ್ಟೇ: ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ಬೈಬಲನ್ನು ಇಲ್ಲಿನ ಭಾಷೆಗಳಿಗೆ ತಂದರೂ ಏನೂ ಪ್ರಯೋಜನವಿಲ್ಲ. ಅಷ್ಟು ವರ್ಷದ ದುಡಿಮೆಯಲ್ಲಿ ತನ್ನ ಕೈಯಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಬಹುಪಾಲು ಮನಸಾರೆ ಬಂದವರಲ್ಲ ಅಂತ ಅವನೇ ಬರೆದುಕೊಂಡ. ಒಬ್ಬ ಮಿಶನರಿ ಹೀಗೆ ಬರೆದರೆ ಬಿಡುತ್ತಾರೆಯೇ? ಮರುವರ್ಷವೇ, 1824ರಲ್ಲಿ, ಜೇಮ್ಸ್ ಹಾಫ್ ಮತ್ತು ಹೆನ್ರಿ ಟೌನ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕವನ್ನೇ ಉತ್ತರವಾಗಿ ಬರೆದರು.

ಅವನ ಲೆಕ್ಕ ಓದುವಾಗ ನನಗೆ ಪಿಚ್ಚೆನಿಸಿತು. ಯಾಕೆಂದರೆ ಅವನ ಹೆಸರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ, ಮುಂಬಯಿಗೆ. 1803-04ರ ಹೊತ್ತಿಗೆಲ್ಲ ದ್ಯುಬುವಾ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿದ್ದ! ನಮ್ಮ ಕಡೆ ಸಿಡುಬು ಅಂದರೆ ಕಾಯಿಲೆ ಅಲ್ಲ, 'ಅಮ್ಮ'. ಮಾರಮ್ಮನಿಗೆ ತಂಬಿಟ್ಟು ಮಾಡಿ, ಬೇವಿನ ಸೊಪ್ಪು ಕಟ್ಟುವ ಜನ, ಹಸುವಿನ ಕೀವನ್ನು ಮಕ್ಕಳ ತೋಳಿಗೆ ಚುಚ್ಚಲು ಒಬ್ಬ ಪರದೇಶಿಗೆ ಒಪ್ಪಿಕೊಂಡರೆಂದರೆ ಅವನನ್ನು ಎಷ್ಟು ನಂಬಿರಬೇಕು? ಸೆರೆಯಲ್ಲಿ ಎಲ್ಲ ಕಳೆದುಕೊಂಡಿದ್ದವರಿಗೆ ಅವನು ಹಾಸನ ಸೀಮೆಯಲ್ಲಿ ಬೇಸಾಯದ ಹಳ್ಳಿಯನ್ನೂ ಕಟ್ಟಿಕೊಟ್ಟ. ಇದ್ಯಾವುದನ್ನೂ ದ್ಯುಬುವಾ ತನ್ನ ಗೆಲುವಿನ ಕಾಲಂನಲ್ಲಿ ಬರೆದುಕೊಳ್ಳಲಿಲ್ಲ. ನಂಬಿಕೆ ಹಂಚುವುದು ಅಂದರೆ ತಲೆ ಎಣಿಸುವುದು ಅಂತ ಆ ಪತ್ರಗಳಲ್ಲಿ ಲೆಕ್ಕ ಹಾಕಿದ, ಸೋತೆ ಅಂದುಕೊಂಡ. 1848ರಲ್ಲಿ ತೀರಿಕೊಂಡ.

ಅವನು ಆಗದು ಅಂದ ಕೆಲಸವೂ ಬೇರೆ ರೀತಿಯಲ್ಲಿ ನಡೆದೇ ನಡೆಯಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ ತನ್ನ ಧರ್ಮ ಹೇಳಲು ಬಂದವನು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ, 1850ರಲ್ಲಿ ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಿದ. ಇಲ್ಲಿನವರು ದೇವರನ್ನು ಹೇಗೆ ಹೊಗಳುತ್ತಾರೆ ಅಂತ ಅವನು ಮೊದಲು ಕಿವಿಗೊಟ್ಟು ಕೇಳಿದ! ಕಿಟೆಲ್ 1862ರಲ್ಲಿ 'ಕಥಾಮಾಲೆ' ಅಂತ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲೇ ಬರೆದ, 1894ರಲ್ಲಿ ನಮಗೆಲ್ಲ ನಿಘಂಟು ಕೊಟ್ಟ. ಎಷ್ಟು ಜನ ಕ್ರೈಸ್ತರಾದರು ಅನ್ನುವ ಲೆಕ್ಕದಲ್ಲಿ ಇವರು ದೊಡ್ಡವರಲ್ಲ. ಆದರೆ ನಾನು ನೀವು ಕನ್ನಡದಲ್ಲಿ ಬರೆಯುವಾಗ ಯಾವುದೋ ಪದಕ್ಕೆ ತಡಕಾಡಿದರೆ ಕಿಟೆಲ್ ಇಂದಿಗೂ ಕೈಗೆ ಸಿಗುತ್ತಾನೆ.

ಇನ್ನು ಕೆಥೊಲಿಕರ ಪೂಜೆ 1960ರ ದಶಕದವರೆಗೂ ಲ್ಯಾಟಿನ್ನಿನಲ್ಲೇ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ನಂತರವೇ ಪೀಠದ ಮುಂದೆ ಕನ್ನಡ ಕೇಳಿಸಿದ್ದು. ಅಂದರೆ ಚಿನ್ನಾಮಿ ಬಂದು ಮುನ್ನೂರು ವರ್ಷದ ಮೇಲೆ! ಅಷ್ಟೂ ಕಾಲ ಜನರ ಸ್ವಂತ ಮಾತಿನಲ್ಲಿ ದೇವರ ಸ್ತುತಿಯನ್ನು ಕಾಪಾಡಿದ್ದು ಹೆಚ್ಚಾಗಿ ಮನೆಗಳೇ ಅಂತ ನನ್ನ ಅನಿಸಿಕೆ. ಸಂಜೆಯ ಜಪ, ತಪಸ್ಸುಕಾಲದ ಹಾಡು, ಉಪದೇಶಿ ಬಾಯಿಪಾಠ ಮಾಡಿಸಿದ ಪ್ರಾರ್ಥನೆ.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇದು. ದಿನಾ ದೇವರನ್ನು ಹೊಗಳುವುದು ಮತ್ತು ನಂಬಿಕೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಎರಡು ಬೇರೆ ಕೆಲಸಗಳು ಅಂತ ನಾವು ತಿಳಿದಿದ್ದೇವೆ. ಒಂದು ಖಾಸಗಿ, ಇನ್ನೊಂದು ಪ್ರಚಾರ. ಆದರೆ ನಮ್ಮ ಪಕ್ಕದ ಪಟ್ಟಣದ ಇತಿಹಾಸದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಸೆರೆಯಲ್ಲಿದ್ದ ತಾಯಿ ದಿನಾ ಹೊಗಳಿದಳು, ಅದೇ ಮಗುವಿಗೆ ಹಂಚಿಕೆಯಾಯಿತು. ದೊಡ್ಡಸ್ವಾಮಿ ಲಸಿಕೆ ಹಾಕಿಸಿದಾಗ ಜನಕ್ಕೆ ತಲುಪಿದ್ದು ವಾದವಲ್ಲ, ಅವನು ನಂಬಿದ್ದರ ಫಲ. ಬಲವಂತದಿಂದ ಹಂಚಿದ್ದು ಯಾವ ಧರ್ಮದ್ದೇ ಆಗಲಿ, ಬಲ ಹೋದ ದಿನವೇ ಸಡಿಲವಾಯಿತು. ಅದಕ್ಕೂ 1799ರ ಶ್ರೀರಂಗಪಟ್ಟಣವೇ ಸಾಕ್ಷಿ.

ನಾನು ಕ್ರೈಸ್ತನಲ್ಲ, ಆಗುವ ಯೋಚನೆಯೂ ಇಲ್ಲ. ನಮ್ಮಜ್ಜಿಯ ದೀಪ ನನಗೆ ಸಾಕು. ಆದರೆ ಅಪ್ಪ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಗೆಳೆಯ ನನಗೆ ಕೊಡಲು ಬಂದದ್ದು ತನ್ನ ಹತ್ತಿರ ಇದ್ದುದರಲ್ಲೇ ಅತಿ ಬೆಲೆಯುಳ್ಳದ್ದು. ಅವನ ಹಿರಿಯರು ಹದಿನೈದು ವರ್ಷ ಇದೇ ಕಾವೇರಿಯ ದಡದಲ್ಲಿ ಜೀವ ಒತ್ತೆಯಿಟ್ಟು ಉಳಿಸಿಕೊಂಡದ್ದು. ಅದನ್ನು ನಾನು ಪ್ಲ್ಯಾನು ಅಂದೆ.

ಗಂಜಾಮಿನಿಂದ ವಾಪಸ್ಸು ಬರುವಾಗ ರೈಲಿನಿಂದಲೇ ಅವನಿಗೆ ಫೋನ್ ಮಾಡಿದೆ. ಇಷ್ಟು ವರ್ಷದ ಮೇಲೆ ಆ ವಿಷಯ ತೆಗೆದು ಕ್ಷಮೆ ಕೇಳಿದೆ. ಅವನು ನಕ್ಕುಬಿಟ್ಟ. "ನೀನು ಬೇಡ ಅಂದದ್ದು ಹೌದು. ನಾನು ಮಾಡಿದ್ದೂ ಹೌದು ಮಾರಾಯ. ಅಪ್ಪ ಈಗ ಹೇಗಿದ್ದಾರೆ?" ಅಂದ.

ಅಪ್ಪ ಚೆನ್ನಾಗಿದ್ದಾರೆ, ಗದ್ದೆಗೆ ನೀರು ಕಟ್ಟಲು ಹೋಗಿದ್ದಾರೆ ಅಂದೆ. ಅಷ್ಟರಲ್ಲಿ ಯಲಿಯೂರು ಬಂತು, ಇಳಿದುಕೊಂಡೆ.

ನಿಮ್ಮ ಊರುಗಳ ಹತ್ತಿರವೂ ಇಂಥ ಹಳೇ ಚರ್ಚು, ಮಸೀದಿ, ಬಸದಿ ಇದ್ದರೆ ಒಮ್ಮೆ ಹೋಗಿ ಕೂತು ಬನ್ನಿ. ಬಂದು ಬರೆಯಿರಿ, ಓದಲು ಕಾದಿರುತ್ತೇನೆ.