ಇಂದೂರಿನ ಒಂದು ದಿನದ ಮಹಾರಾಜ

ಊರನ್ನು ಹೇಗೆ ಕಟ್ಟಬೇಕೆಂಬುದನ್ನು ಊರಿನವರನ್ನು ಕೇಳಿ ನಿರ್ಣಯಿಸುವುದೇ, ಅಥವಾ ನಿರ್ಣಯಿಸಿದ ಮೇಲೆ ಅವರಿಗೆ ತಿಳಿಸುವುದೇ? ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ತೀವ್ರಗೊಳಿಸಿದ್ದು ಪ್ಲೇಗು ಮಾರಿ. 1897ರಲ್ಲಿ ಪುಣೆಯಲ್ಲಿ ಸೋಲ್ಜರುಗಳು ಮನೆಮನೆ ಹೊಕ್ಕು ಶೋಧಿಸಿದರು. ಜನರ ಕ್ರೋಧವು ಪ್ಲೇಗು ಅಧಿಕಾರಿ ರ‍್ಯಾಂಡನ ಕೊಲೆಯಲ್ಲಿ ಪರ್ಯವಸಾನವಾಯಿತು. ಮರುವರ್ಷ ಮಾರಿ ಬೆಂಗಳೂರಿಗೆ ಬಂದಿತು. ಆ ಬಳಿಕ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ನೇರವಾದ ಬೀದಿಗಳನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಅವುಗಳ ಗೆರೆಯೆಳೆದವರು ಅಧಿಕಾರಿಗಳು, ಪೇಟೆಯ ಜನರಲ್ಲ.

ಬೇರೊಂದು ಮಾರ್ಗವನ್ನು ಹೋಳ್ಕರರ ಇಂದೂರಿನಲ್ಲಿ ಪ್ರಯೋಗಿಸಿದವರು ಪ್ರೊಫೆಸರ್ ಪ್ಯಾಟ್ರಿಕ್ ಗೆಡ್ಡೀಸರು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಇವರು 1914ರಲ್ಲಿ ಭಾರತಕ್ಕೆ ಬಂದರು. ಹಳೆಯ ಕೇರಿಯನ್ನು ಸೀಳಿ ಅಗಲವಾದ ರಸ್ತೆ ಹಾಕಿದರೆ, ಮನೆ ಕಳೆದುಕೊಂಡ ಬಡವರು ಮತ್ತೊಂದು ಕೇರಿಯಲ್ಲಿ ಕಿಕ್ಕಿರಿಯುವರಷ್ಟೆ ಎಂಬುದು ಅವರ ವಾದ. ಪಾಳುಬಿದ್ದ ಮನೆಯೊಂದನ್ನು ತೆಗೆದು ಅಲ್ಲಿ ಬಯಲು ಬಿಡುವುದು, ಗೋಡೆಯೊಂದನ್ನು ಸರಿಸುವುದು, ಬಾವಿಯನ್ನೂ ಗುಡಿಯನ್ನೂ ಉಳಿಸಿ ಮರ ನೆಡುವುದು, ಇದು ಅವರ ಕ್ರಮ. ಇದಕ್ಕೆ ಗಲ್ಲಿಗಲ್ಲಿಯನ್ನೂ ಕಾಲ್ನಡಿಗೆಯಿಂದ ನೋಡಬೇಕಾಗಿತ್ತು.

ಇಂದೂರಿನಲ್ಲಿಯೂ ಪ್ಲೇಗು ಇತ್ತು. ಗಲ್ಲಿಗಳಲ್ಲಿ ಸುತ್ತುತ್ತಿದ್ದ ಈ ಗಡ್ಡದ ದೊರೆಯೇ ಮಾರಿಯನ್ನು ತಂದವನೆಂದು ಜನರು ಬೆರಳು ಮಾಡಿ ತೋರಿಸುತ್ತಿದ್ದರು. ಆಗ ಗೆಡ್ಡೀಸರು ಒಂದು ದಿನದ ಮಟ್ಟಿಗೆ ಮಹಾರಾಜನಾಗಲು ಅರಸರ ಅಪ್ಪಣೆ ಪಡೆದು ಡಂಗುರ ಹೊಯ್ಸಿದರು. ದೀಪಾವಳಿಯ ಮೆರವಣಿಗೆಯು ಈ ಸಲ ವಾಡಿಕೆಯ ಬೀದಿಯಲ್ಲಿ ಹೋಗುವುದಿಲ್ಲ; ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ಶುದ್ಧವಾಗಿ ದುರಸ್ತಿಯಾಗಿರುತ್ತವೆಯೋ ಅಲ್ಲಿ ಹೋಗುತ್ತದೆ! ಕೇರಿಕೇರಿಗಳಿಗೆ ಪೈಪೋಟಿ ಹತ್ತಿತು. ಕಸವನ್ನು ಗಾಡಿಗಟ್ಟಲೆ ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿದರು. ಹಬ್ಬದ ದಿನ ಕೊಳೆಯೆಂಬ ರಾಕ್ಷಸನೂ ಒಂದು ಮಹಾ ಮೂಷಿಕವೂ ಮೆರವಣಿಗೆಯಲ್ಲಿ ಬಂದು ಕಡೆಗೆ ಬೆಂಕಿಗೆ ಆಹುತಿಯಾದುವು. ಲಕ್ಷ್ಮೀದೇವಿಯ ರಥವಿತ್ತು, ಮುಂದೆ ಕಟ್ಟಲಿರುವ ಮನೆಗಳ ಮಾದರಿಗಳಿದ್ದುವು. ಊರಿನ ಜಾಡಮಾಲಿಗಳು ಬಿಳಿಯ ಉಡುಪು ಧರಿಸಿ, ಹೂಮಾಲೆ ಹಾಕಿಕೊಂಡು ನಡೆದರು. ನನ್ನ ಮಟ್ಟಿಗೆ ಆ ದಿನದ ನಿಜವಾದ ಅದ್ಭುತ ಇದೇ.

ಗೆಡ್ಡೀಸರ ಇಂದೂರು ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಮೆರವಣಿಗೆಯ ಕಥೆ ಮಾತ್ರ ನಮಗೆ ಬಹುಮಟ್ಟಿಗೆ ಅವರೇ ಹೇಳಿಕೊಂಡ ರೂಪದಲ್ಲಿ ಬಂದಿದೆ. ಇತಿಹಾಸದ ವಿದ್ಯಾರ್ಥಿ ಇದನ್ನು ಮರೆಯಕೂಡದು. ಸುಣ್ಣ ಬಳಿದವರ ಉತ್ಸಾಹಕ್ಕೆ ಅಲ್ಲಿ ಸ್ಥಳವಿದೆ, ಅವರ ಅಭಿಪ್ರಾಯಕ್ಕೆ ಅಷ್ಟಿಲ್ಲ. ನಕ್ಷೆ ಗೆಡ್ಡೀಸರದು, ಅಪ್ಪಣೆ ಅರಸರದು. ಆದರೂ ಜನರ ಭಯವನ್ನು ಅವಿವೇಕವೆಂದು ತಳ್ಳಿಹಾಕದೆ, ಅದಕ್ಕೆ ಉತ್ತರ ಕೊಡುವುದು ತನ್ನ ಕೆಲಸದ ಭಾಗವೆಂದು ತಿಳಿದ ತಜ್ಞರು ಆ ಕಾಲದಲ್ಲಿ ವಿರಳ.

ಅಪ್ಪಣೆಯ ಸ್ಥಾನಕ್ಕೆ ಈಗ ಕಾನೂನು ಬಂದಿದೆ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು, ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ವಿಧಿಸುತ್ತದೆ. ಅಂಥ ಒಂದು ಕರಡನ್ನು ನೋಡಲು ನಾನೂ ಒಮ್ಮೆ ಕಚೇರಿಗೆ ಹೋಗಿದ್ದೆನು. ನಕ್ಷೆಯೇನೋ ಗೋಡೆಯ ಮೇಲಿತ್ತು. ಅದರಲ್ಲಿ ನಮ್ಮ ಬೀದಿ ಎಲ್ಲಿದೆಯೆಂದು ತೋರಿಸಬಲ್ಲವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.