ನೆಲ ಮೇದವರು ಯಾರು?

ಬಯಲುಸೀಮೆ ಮರುಭೂಮಿ ಆಗ್ತಾ ಇದೆ ಅನ್ನೋ ಮಾತು ಬಂದಾಗಲೆಲ್ಲ ಮೊದಲು ಕಟಕಟೆ ಹತ್ತೋದು ಆಡು. ಅದರ ಹಿಂದೆ ಕುರಿ, ಕುರಿಯ ಹಿಂದೆ ಕುರುಬ, ಅವನ ಹಿಂದೆ ಎರಡು ಆಡು ಕಟ್ಟಿಕೊಂಡ ಕೂಲಿ ಹೆಣ್ಣುಮಗಳು. ಇವರೇ ನೆಲ ಬೋಳಿಸಿದರು ಅಂತ ತೀರ್ಪು ಬೇಗ ಆಗಿಬಿಡುತ್ತದೆ. ಈ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಧಾರವಾಡ ಸೀಮೆಯ ಚರಿತ್ರೆಯಲ್ಲಿದೆ.

ಮೊದಲು ಆ ಅರ್ಧ ಸತ್ಯ. ಹುಲ್ಲಿನ ಜೀವ ಬೇರಿನಲ್ಲಿದೆ. ಮೇದ ಮೇಲೆ ಅದು ಮತ್ತೆ ಚಿಗುರಿ, ಎಲೆಯಲ್ಲಿ ಮಾಡಿದ ಆಹಾರವನ್ನು ಬೇರಿಗೆ ಇಳಿಸಬೇಕು. ಅದಕ್ಕೆ ಬಿಡುವು ಬೇಕು. ಬಿಡುವಿಲ್ಲದೆ ಮೇಯಿಸಿದರೆ ಬೇರು ಸೊರಗುತ್ತದೆ. ವರ್ಷವರ್ಷವೂ ಬದುಕುವ ಹುಲ್ಲು ಹೋಗಿ ಒಂದು ಮಳೆಗೆ ಹುಟ್ಟಿ ಒಣಗುವ ಹುಲ್ಲು ಬರುತ್ತದೆ. ಅದೂ ಹೋದರೆ ದನ ಮುಟ್ಟದ ತಂಗಡಿ, ಬಳ್ಳಾರಿ ಜಾಲಿ. ಗೊರಸು ತುಳಿದು ಗಟ್ಟಿಯಾದ ನೆಲದೊಳಗೆ ನೀರು ಇಳಿಯೋದಿಲ್ಲ. ಮೇಲ್ಮಣ್ಣು ಹೊತ್ತುಕೊಂಡು ಹಳ್ಳ ಸೇರುತ್ತದೆ. ಮಸಾರಿಯಲ್ಲಿ ಗರಸು ಎದ್ದು ಕಾಣುತ್ತದೆ. ಥಾರಿನ ಮರಳು ಇಲ್ಲಿಗೆ ನಡೆದು ಬರಬೇಕಾಗಿಲ್ಲ. ಕಾಲ ಕೆಳಗಿನ ಮಣ್ಣು ಇದ್ದಲ್ಲೇ ಸತ್ತರೆ ಸಾಕು.

ಆದರೆ ಹುಲ್ಲಿಗೆ ಬಿಡುವು ಯಾಕೆ ಸಿಗಲಿಲ್ಲ? ದನ ಹೆಚ್ಚಾದವು ಅನ್ನೋದು ಒಂದು ಉತ್ತರ. ನೆಲ ಕಡಿಮೆ ಆಯಿತು ಅನ್ನೋದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಹೇಳಹೊರಟರೆ ದೊಡ್ಡವರ ಹೆಸರು ಬರುತ್ತದೆ.

ಕುರಿಗಾರ ಒಂದೇ ಕಡೆ ನಿಂತವನಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡು ನಿಲ್ಲಿಸಿ, ಗೊಬ್ಬರ ಕೊಟ್ಟು, ಕಾಳು ಪಡೆದು ಮುಂದಕ್ಕೆ ಸಾಗುತ್ತಿದ್ದ. ಅವನ ನಡಿಗೆಯೇ ಹುಲ್ಲಿಗೆ ಬಿಡುವು. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿ ಸರಕಾರ ಸರ್ವೆ ಮಾಡಿ ಬೀಳು ನೆಲಕ್ಕೂ ನಂಬರು ಹಾಕಿತು. 1861-65ರ ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತಿತು. ಧಾರವಾಡದ ಎರಿಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿಯ ಹಿಂದೆ ನೇಗಿಲು ಹೋಯಿತು. 1876-78ರ ಘೋರ ಬರದಲ್ಲಿ ಜನ, ದನ ಎರಡೂ ಸತ್ತವು. ಅದೇ 1878ರಲ್ಲಿ ಅರಣ್ಯ ಕಾಯಿದೆ ಬಂದು ಕಾಡಿನ ಮೇವಿಗೂ ಬೇಲಿ ಬಿತ್ತು. ಒಂದು ಕಡೆ ನೇಗಿಲು, ಇನ್ನೊಂದು ಕಡೆ ಫಾರೆಸ್ಟ್ ಗಾರ್ಡು. ನಡುವೆ ಉಳಿದ ತುಂಡು ನೆಲದಲ್ಲಿ ಎಲ್ಲ ದನ ನಿಂತವು.

ಸ್ವಾತಂತ್ರ್ಯ ಬಂದ ಮೇಲೆ? 1966ರ ಕರ್ನಾಟಕ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಅನ್ನುತ್ತವೆ. ಕಾಗದ ಚೆನ್ನಾಗಿದೆ. ಆದರೆ 1984ರಲ್ಲಿ ಸರಕಾರವೇ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ ಕೊಡಲು ಹೊರಟಿತು. ದಫ್ತರದಲ್ಲಿ ಅದು ಪಾಳು ನೆಲ. ಊರಿನ ಬಡವರಿಗೆ ಅದೇ ಮೇವು, ಅದೇ ಉರುವಲು. ಅಲ್ಲಿ ನೆಟ್ಟದ್ದು ನೀಲಗಿರಿ. ದನ ಅದರ ಎಲೆ ಮೂಸಿ ನೋಡಿ ಹೋಗುತ್ತದೆ.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಜೊತೆಗಿತ್ತು. 'ಕಿತ್ತಿಕೋ-ಹಚ್ಚಿಕೋ' ಅಂತ ಹೆಸರು. ನೀಲಗಿರಿ ಕಿತ್ತರು, ಊರಿಗೆ ಬೇಕಾದ ಸಸಿ ಹಚ್ಚಿದರು. ಶಿವರಾಮ ಕಾರಂತ, ಎಸ್.ಆರ್. ಹಿರೇಮಠ ಮುಂತಾದವರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. ಕೊನೆಗೆ 1990ರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು.

ಗೆದ್ದೆವು ಅಂತ ಸುಮ್ಮನಿರುವ ಹಾಗಿಲ್ಲ. ನಮ್ಮೊಳಗೇ ಒಂದು ಕಷ್ಟದ ಪ್ರಶ್ನೆ ಇದೆ. ಭೂಮಿ ಇಲ್ಲದ ದಲಿತ ಗೋಮಾಳದಲ್ಲಿ ಎರಡೆಕರೆ ಬಗರ್ ಹುಕುಂ ಉತ್ತರೆ ಮೇವು ಕಡಿಮೆಯಾಗುತ್ತದೆ. ಉಳಬೇಡ ಅಂದರೆ ಅವನು ಮತ್ತೆ ಗೌಡರ ಹೊಲದ ಕೂಲಿ. ಆ ಆಡೂ ಅವನದೇ, ಆ ಹೊಲವೂ ಅವನಿಗೇ ಬೇಕು. ಬಡವರ ಹೊಟ್ಟೆಯನ್ನು ಬಡವರ ಆಡಿನ ಮೇಲೆ ಎತ್ತಿ ಕಟ್ಟೋದು ಉಳ್ಳವರಿಗೆ ಅನುಕೂಲ. ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿ ಅಂತ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಸರಕಾರ ಕೊಟ್ಟ ನೆಲವನ್ನು ಬೇರೆಯಾಗಿಯೇ ನೋಡಿತು. ಹಾಗಾದರೆ ತೆರವು ದೊಡ್ಡ ಒತ್ತುವರಿಯಿಂದ ಶುರುವಾಗಲಿ. ಹತ್ತಾರು ಎಕರೆ ನುಂಗಿದವನ ಬೇಲಿ ಮೊದಲು ಬೀಳಲಿ.

ಮಣ್ಣು ಉಳಿಸುವ ದಾರಿ ಗುಟ್ಟಿನದೇನಲ್ಲ. ಗೋಮಾಳವನ್ನು ಮೂರು-ನಾಲ್ಕು ಭಾಗ ಮಾಡಿ ಸರದಿಯ ಮೇಲೆ ಬಿಡುವು ಕೊಡೋದು. ಬಿಡುವಿದ್ದ ಕಡೆ ಹುಲ್ಲು ಕೊಯ್ದು ಒಯ್ಯೋದು. ಇಳಿಜಾರಿಗೆ ಅಡ್ಡ ಒಡ್ಡು ಹಾಕೋದು. ಮೇವಿನ ಗಿಡ ಹಚ್ಚೋದು. ಆದರೆ ಯಾವ ಭಾಗ ಯಾವಾಗ ಮುಚ್ಚಬೇಕು ಅಂತ ತೀರ್ಮಾನಿಸುವಾಗ ಆಡಿನವಳು, ಕುರುಬ, ಕೂಲಿಯವ ಅಲ್ಲಿ ಕೂತಿರಬೇಕು. ಕೊಟ್ಟಿಗೆ ತುಂಬ ಮೇವಿದ್ದವನಿಗೆ ಗೋಮಾಳ ಮುಚ್ಚಿದರೆ ನಷ್ಟವಿಲ್ಲ. ಅದನ್ನೇ ನಂಬಿದವಳಿಗೆ ಒಂದು ತಿಂಗಳು ಮುಚ್ಚಿದರೂ ಆಡು ಮಾರುವ ಪಾಡು. ಆ ತಿಂಗಳ ಮೇವು ಎಲ್ಲಿಂದ ಅಂತ ಮೊದಲು ಹೇಳದೆ ಬೇಲಿ ಹಾಕಿದರೆ, ಆ ಬೇಲಿ ರಾತ್ರಿ ಮುರಿಯುತ್ತದೆ. ಮುರಿದವಳನ್ನು ಬೈದು ಫಲವಿಲ್ಲ.

ಇಸ್ರೋ 2016ರಲ್ಲಿ ತಂದ ನಕಾಶೆ ಪುಸ್ತಕದ ಪ್ರಕಾರ ಕರ್ನಾಟಕದ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ನೆಲ ಸವೆದಿದೆ. ಉಪಗ್ರಹಕ್ಕೆ ಸವೆದ ನೆಲ ಕಾಣುತ್ತದೆ, ಅದು ಯಾರ ಕೈ ಸೇರಿತು ಅನ್ನೋದು ಕಾಣೋದಿಲ್ಲ. ಅದು ತಲಾಠಿಯ ದಫ್ತರದಲ್ಲಿದೆ. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಗೋಮಾಳದ ಸರ್ವೆ ನಂಬರು ಕೇಳಿ. ಎಷ್ಟಿತ್ತು, ಎಷ್ಟಿದೆ, ಎಷ್ಟು ದನ ಇವೆ ಅಂತ ಲೆಕ್ಕ ಹಾಕಿ. ಆಡಿಗೆ ಶಿಕ್ಷೆ ಕೊಡೋದು ಆಮೇಲೆ.